ಗಡಿಯಾಚೆಯ ಮಗಳ ಪಾಲು ಮತ್ತು ಸಂಸತ್ತಿನ ಸಮಿತಿ

ಹಿಂದೂ ಉತ್ತರಾಧಿಕಾರ ಅಧಿನಿಯಮ ಜಾರಿಗೆ ಬಂದುದು 1956ರ ಜೂನ್ 17ರಂದು. ರಾಜ್ಯಗಳ ಪುನರ್ವಿಂಗಡಣೆ ನಡೆದುದು ಅದೇ ವರ್ಷದ ನವೆಂಬರ್ 1ರಂದು. ಆದವಾನಿ, ರಾಯದುರ್ಗ, ಮಡಕಶಿರಾ ಸೀಮೆಗಳು 1953ರಲ್ಲಿಯೇ ಆಂಧ್ರಕ್ಕೆ ಸೇರಿದ್ದವು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಹೊಸೂರು, ತಾಳವಾಡಿ ಮದರಾಸಿನಲ್ಲಿಯೂ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮುಂಬಯಿ ರಾಜ್ಯದಲ್ಲಿಯೂ ಉಳಿದವು. ಈ ಗೆರೆಯಿಂದ ಕನ್ನಡ ಶಾಲೆಗೆ, ಕನ್ನಡದ ಕಡತಕ್ಕೆ ಆದ ನಷ್ಟವನ್ನು ಕುರಿತು ಗಡಿನಾಡಿನಲ್ಲಿ ಬೇಕಾದಷ್ಟು ಚರ್ಚೆಯಾಗಿದೆ. ಅದೇ ಗೆರೆ ಮುಂದೆ ಹೆಣ್ಣುಮಕ್ಕಳ ಆಸ್ತಿಯ ಪಾಲನ್ನೂ ಸೀಳಿತೆಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ.

1956ರ ಕಾಯಿದೆಯಲ್ಲಿ ಮಿತಾಕ್ಷರ ಪದ್ಧತಿಯ ಅವಿಭಕ್ತ ಕುಟುಂಬದ ಮಗ ಹುಟ್ಟಿನಿಂದಲೇ ಪಾಲುದಾರ. ಮಗಳಿಗೆ ದೊರೆಯುತ್ತಿದ್ದುದು ತಂದೆಯ ಕಾಲಾನಂತರ ಅವನ ಪಾಲಿನೊಳಗಿನ ಒಂದು ಚೂರು ಮಾತ್ರ. ಈ ಅನ್ಯಾಯವನ್ನು ರಾಜ್ಯಗಳು ಒಂದೊಂದು ಕಾಲಕ್ಕೆ ತಿದ್ದಿದವು. ಆಂಧ್ರಪ್ರದೇಶದ ತಿದ್ದುಪಡಿ 1985ರ ಸೆಪ್ಟೆಂಬರ್ 5ರಿಂದ, ತಮಿಳುನಾಡಿನದು 1989ರ ಮಾರ್ಚ್ 25ರಿಂದ, ಮಹಾರಾಷ್ಟ್ರದ್ದು 1994ರ ಜೂನ್ 22ರಿಂದ, ಕರ್ನಾಟಕದ್ದು ಅದೇ ವರ್ಷದ ಜುಲೈ 30ರಿಂದ ಅನ್ವಯವಾಯಿತು. ಕೇರಳದ ಜಾಡೇ ಬೇರೆ. ಅಲ್ಲಿನ ಶಾಸನಸಭೆಯ 1975ರ ಕಾಯಿದೆ, ಕಾಸರಗೋಡಿನ ಅಳಿಯಸಂತಾನದ ಕುಟುಂಬಗಳನ್ನೂ ಸೇರಿಸಿ, ಅವಿಭಕ್ತ ಕುಟುಂಬವೆಂಬುದನ್ನೇ ರದ್ದುಗೊಳಿಸಿತು. ಉಳಿದ ನಾಲ್ಕು ರಾಜ್ಯಗಳ ಕಾಯಿದೆಗಳಲ್ಲಿಯೂ ಒಂದು ಮುಳ್ಳಿತ್ತು: ನಿಗದಿಯಾದ ದಿನಕ್ಕೆ ಮೊದಲು ಮದುವೆಯಾದ ಮಗಳಿಗೆ ಈ ಹಕ್ಕು ಇಲ್ಲ. ಹೀಗಾಗಿ 1987ರಲ್ಲಿ ಮದುವೆಯಾದ ಮಡಕಶಿರಾದ ಮಗಳು ತವರಿನ ಹೊಲಕ್ಕೆ ಪಾಲುದಾರಳು. ಅದೇ ವರ್ಷ ಹಸೆಯೇರಿದ ಪಾವಗಡದ ಅವಳ ಚಿಕ್ಕಪ್ಪನ ಮಗಳು ಅಲ್ಲ. ಮನೆಮಾತು ಒಂದೇ, ಮನೆದೇವರೂ ಒಂದೇ.

ಈ ವಿಷಮತೆಯನ್ನು ಕಳೆಯಲು ಕೇಂದ್ರ ಸರ್ಕಾರ 2004ರ ಡಿಸೆಂಬರ್ 20ರಂದು ರಾಜ್ಯಸಭೆಯಲ್ಲಿ ತಿದ್ದುಪಡಿ ಮಸೂದೆಯನ್ನು ಮಂಡಿಸಿತು. ಅದು ನೇರವಾಗಿ ಮತಕ್ಕೆ ಹೋಗಲಿಲ್ಲ. ಕಾನೂನು ಮತ್ತು ನ್ಯಾಯ ವಿಷಯಗಳ ಸ್ಥಾಯೀ ಸಮಿತಿಯ ಪರಿಶೀಲನೆಗೆ ಹೋಯಿತು. ಸಮಿತಿಯ ವರದಿ ಬಂದುದು 2005ರ ಮೇ ತಿಂಗಳಲ್ಲಿ. ಒಳಹೋದ ಮಸೂದೆಯನ್ನೂ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಅಧಿನಿಯಮವನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಆ ತಿಂಗಳುಗಳ ಬೆಲೆ ತಿಳಿಯುತ್ತದೆ. ಮೂಲ ಮಸೂದೆಯಲ್ಲಿಯೂ ಮೊದಲೇ ಮದುವೆಯಾದ ಮಗಳು ಹೊರಗಿದ್ದಳು. ಅಂತಿಮ ಕಾಯಿದೆಯಲ್ಲಿ ಆ ಮುಳ್ಳು ಇಲ್ಲ. ಕೃಷಿಭೂಮಿಯ ಗೇಣಿ, ಹಿಡುವಳಿ ಕಾನೂನುಗಳಿಗೆ ರಿಯಾಯಿತಿ ಕೊಟ್ಟಿದ್ದ ನಾಲ್ಕನೆಯ ಪ್ರಕರಣದ ಎರಡನೆಯ ಉಪಪ್ರಕರಣವೂ ಹೊರಬಿದ್ದಿತು.

ಎಲ್ಲಕ್ಕಿಂತ ಮುಖ್ಯವಾದುದು ‘ವಿಭಾಗ’ ಎಂಬ ಒಂದು ಪದ. ‘ಪಾಲು ಎಂದೋ ಆಗಿಹೋಗಿದೆ, ಹಿರಿಯರ ಮುಂದೆ ಬಾಯಿಮಾತಿನಲ್ಲಿ ಹಂಚಿಕೊಂಡಿದ್ದೇವೆ’ ಎಂಬುದು ಹೆಣ್ಣುಮಗಳನ್ನು ಹಿಂದಕ್ಕೆ ಕಳುಹಿಸಲು ಅಣ್ಣತಮ್ಮಂದಿರು ಹೇಳುವ ಹಳೆಯ ಮಾತು. ಊರಿನ ನಾಲ್ವರು ಸಾಕ್ಷಿ ನುಡಿದರೆ ಅದನ್ನು ಸುಳ್ಳೆಂದು ಸ್ಥಾಪಿಸುವುದು ಆಕೆಯಿಂದ ಸಾಧ್ಯವೇ? ಸಮಿತಿಯು ಈ ಅಪಾಯವನ್ನು ಗುರುತಿಸಿತು. ವಿಭಾಗವೆಂದರೇನೆಂಬುದನ್ನು ಸ್ಪಷ್ಟವಾಗಿ ನಿರೂಪಿಸಬೇಕು, ಅದು ನೋಂದಣಿಯಾದ ಪತ್ರದಿಂದ ಇಲ್ಲವೇ ನ್ಯಾಯಾಲಯದ ಡಿಕ್ರಿಯಿಂದ ಆಗಿರಬೇಕು, ಬಾಯಿಮಾತಿನ ಪಾಲಿಗೆ ತಕ್ಕ ದಾಖಲೆಯ ಆಧಾರವಿರಬೇಕು ಎಂದು ಶಿಫಾರಸು ಮಾಡಿತು. ನೋಂದಣಿ ಮತ್ತು ಡಿಕ್ರಿಯ ಮಾತು ವಿವರಣೆಯ ರೂಪದಲ್ಲಿ ಕಾಯಿದೆಯೊಳಗೆ ಬಂದಿತು. ಹದಿನೈದು ವರ್ಷಗಳ ಬಳಿಕ, 2020ರ ಆಗಸ್ಟ್ 11ರಂದು, ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಮಗಳ ಹಕ್ಕು ಹುಟ್ಟಿನಿಂದಲೇ ಬಂದುದು, 2005ರಲ್ಲಿ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು ತೀರ್ಮಾನಿಸಿತು. ಬಾಯಿಮಾತಿನ ವಿಭಾಗದ ವಾದವನ್ನು ಸಾರ್ವಜನಿಕ ದಾಖಲೆಗಳ ಬೆಂಬಲವಿರುವ ಅಪರೂಪದ ಸಂದರ್ಭಗಳಲ್ಲಿ ಮಾತ್ರ ಒಪ್ಪಬಹುದೆಂದಿತು. ಸದನದ ಭಾಷಣಗಳು ಮರೆತುಹೋದರೂ ಸಮಿತಿ ತೂಗಿದ ಪದ ನ್ಯಾಯಾಲಯದಲ್ಲಿ ನಿಂತಿತು.

ಸಮಿತಿಗೆ ಕಳುಹಿಸುವುದೆಂದರೆ ಮಸೂದೆಯನ್ನು ಅಟ್ಟಕ್ಕೆ ಹಾಕಿದಂತೆ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿಲ್ಲದಿಲ್ಲ. ಹೆಣ್ಣಿನ ಮದುವೆಯ ವಯಸ್ಸನ್ನು 21ಕ್ಕೆ ಏರಿಸುವ 2021ರ ಮಸೂದೆ ಸ್ಥಾಯೀ ಸಮಿತಿಗೆ ಹೋಗಿ, 2024ರಲ್ಲಿ ಲೋಕಸಭೆಯ ವಿಸರ್ಜನೆಯೊಂದಿಗೆ ಬಿದ್ದುಹೋಯಿತು. ಅದು ಒಪ್ಪತಕ್ಕ ಮಸೂದೆಯಾಗಿತ್ತೇ ಎಂಬುದು ಬೇರೆ ಮಾತು. ಆದರೆ ಆ ಸಮಿತಿಯ 31 ಸದಸ್ಯರಲ್ಲಿ ಮಹಿಳೆ ಒಬ್ಬರೇ ಇದ್ದರೆಂಬುದು ನಾಚಿಕೆಗೇಡು. ಇನ್ನೊಂದು ಕಡೆ, ವಿಚ್ಛೇದನದ ಸಂದರ್ಭದಲ್ಲಿ ಹೆಂಡತಿಗೆ ಗಂಡನ ಸ್ಥಿರಾಸ್ತಿಯಲ್ಲಿ ಹಕ್ಕು ಕೊಡಹೊರಟಿದ್ದ ವಿವಾಹ ಕಾನೂನುಗಳ ಮಸೂದೆ ಸಮಿತಿಯನ್ನು ದಾಟಿತ್ತು, 2013ರಲ್ಲಿ ರಾಜ್ಯಸಭೆಯನ್ನೂ ದಾಟಿತು, ಬಿದ್ದುದು ಲೋಕಸಭೆಯಲ್ಲಿ. ಆದುದರಿಂದ ವಿಳಂಬದ ಹೊಣೆಯನ್ನೆಲ್ಲ ಸಮಿತಿಯ ತಲೆಗೆ ಕಟ್ಟುವುದು ತರವಲ್ಲ. 2019ರ ತ್ರಿವಳಿ ತಲಾಖ್ ಕಾಯಿದೆಯಂತಹ ಗಂಭೀರ ಶಾಸನ ಆಯ್ಕೆ ಸಮಿತಿಯ ಬೇಡಿಕೆಯನ್ನು ಬದಿಗೊತ್ತಿ ಅಂಗೀಕಾರವಾದುದು ಹೆಚ್ಚು ಚಿಂತೆಯ ವಿಷಯ. ಗಂಡ ಸೆರೆಮನೆ ಸೇರಿದರೆ ಹೆಂಡತಿಯ ಜೀವನಾಂಶವನ್ನು ಕೊಡುವವರಾರು ಎಂಬಂತಹ ಪ್ರಶ್ನೆಯನ್ನು ಸಾವಧಾನವಾಗಿ ಕೇಳಬೇಕಾದ ಸ್ಥಳ ಅದೇ ಆಗಿತ್ತು.

ಗಡಿನಾಡಿನ ಕನ್ನಡಿಗರಿಗೆ ಇಲ್ಲಿ ಮತ್ತೊಂದು ತೊಡಕಿದೆ. ಸಮಿತಿಗಳು ಪ್ರಕಟಣೆ ಹೊರಡಿಸಿ ಸಾರ್ವಜನಿಕರಿಂದ ಮನವಿಪತ್ರಗಳನ್ನು ಆಹ್ವಾನಿಸುತ್ತವೆ. ಅವು ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಇರಬೇಕೆಂದು ಸಾಮಾನ್ಯವಾಗಿ ಸೂಚಿಸುತ್ತವೆ. ತಾಳವಾಡಿಯ ಹೆಣ್ಣುಮಗಳಿಗೆ ಪಟ್ಟಾ ತಮಿಳಿನಲ್ಲಿ, ಅಕ್ಕಲಕೋಟೆಯವಳಿಗೆ ಸಾತ್‌ಬಾರಾ ಉತಾರಾ ಮರಾಠಿಯಲ್ಲಿ. ಅರಿಸಿನ ಕುಂಕುಮದ ಹೆಸರಿನಲ್ಲಿ ನಾಲ್ಕು ಕಾಸು ಕೊಟ್ಟು ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ಅದರಲ್ಲಿ ಬರೆದಿರುವುದೇನೆಂದು ಓದಿಹೇಳುವವರಿಲ್ಲ. ದೆಹಲಿಯ ಸಮಿತಿಗೆ ಅವಳು ಹೇಳಬೇಕಾದ ಮಾತು ಇದೇ; ಆ ಮಾತಿಗೆ ಅಲ್ಲಿ ಭಾಷೆಯಿಲ್ಲ.

ಕುಂದುಕೊರತೆಯ ಪರಿಹಾರಕ್ಕಾಗಿ ಒಕ್ಕೂಟದ ಯಾವುದೇ ಅಧಿಕಾರಿಗೆ ಅಥವಾ ಪ್ರಾಧಿಕಾರಕ್ಕೆ ಒಕ್ಕೂಟದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಕೊಟ್ಟಿದೆ. ಸಂಸತ್ತಿನ ಸಮಿತಿಗಳೂ ಇದೇ ತತ್ತ್ವಕ್ಕೆ ಬದ್ಧವಾಗಿ ಎಂಟನೆಯ ಅನುಸೂಚಿಯ ಭಾಷೆಗಳ ಮನವಿಗಳನ್ನು ಸ್ವೀಕರಿಸಬೇಕು. ಕೌಟುಂಬಿಕ ಕಾನೂನಿನ ಮಸೂದೆಗಳ ಮಟ್ಟಿಗಾದರೂ ಇದು ಕಡ್ಡಾಯವಾಗಬೇಕು. ಅಲ್ಲಿಯವರೆಗೆ ಗಡಿನಾಡಿನ ಕಾಲೇಜುಗಳ ಕನ್ನಡ ವಿಭಾಗಗಳು ಕೈಕಟ್ಟಿ ಕೂರಬೇಕಾಗಿಲ್ಲ. ಹಳ್ಳಿಯ ಹೆಂಗಸರ ಹೇಳಿಕೆಗಳನ್ನು ಕನ್ನಡದಲ್ಲಿ ಬರೆದುಕೊಂಡು, ಇಂಗ್ಲಿಷಿಗೆ ಅನುವಾದಿಸಿ, ಎರಡನ್ನೂ ಒಟ್ಟಿಗೆ ಸಮಿತಿಯ ಕಚೇರಿಗೆ ಕಳುಹಿಸುವಷ್ಟು ಶಕ್ತಿ ಅನುವಾದವನ್ನು ಪಠ್ಯವಾಗಿ ಓದುವ ಯಾವ ತರಗತಿಗಾದರೂ ಇದೆ.