ಗ್ರಾಂಟ್ ಜಮೀನು ಬರೆದುಕೊಟ್ಟು ಸ್ಟೆಮ್ ಸೆಲ್ಲಾ?



ಮೊನ್ನೆ ರಾತ್ರಿ ಹನ್ನೊಂದೂವರೆಗೆ ನಮ್ಮ ಹುಡುಗನೊಬ್ಬ ಫೋನ್ ಮಾಡಿದ. ಅವರಪ್ಪನಿಗೆ ವೈರಲ್ ನ್ಯುಮೋನಿಯಾ, ಖಾಸಗಿ ಆಸ್ಪತ್ರೆ, ವೆಂಟಿಲೇಟರ್. "ಅಣ್ಣಾ, ಸ್ಟೆಮ್ ಸೆಲ್ ಹಾಕಿದ್ರೆ ಉಳೀತಾರಂತೆ. ಲಕ್ಷಗಟ್ಟಲೆ ಆಗ್ತದಂತೆ. ತಾತನ ಗ್ರಾಂಟ್ ಜಮೀನು ಎರಡೆಕರೆ ಐತಲ್ಲ, ಅಗ್ರಿಮೆಂಟ್ ಮಾಡ್ಕೊಳಕ್ಕೆ ಒಬ್ರು ರೆಡಿ ಅವ್ರೆ."

1978ರ ಪಿಟಿಸಿಎಲ್ ಕಾಯ್ದೆ ಬಂದದ್ದೇ ನಮ್ಮ ಜಮೀನು ಹೀಗೆ ಕೈಬಿಟ್ಟು ಹೋಗಬಾರದು ಅಂತ. ಆದರೂ ಜಮೀನು ಹೋಗೋದು ಹೆಚ್ಚಾಗಿ ಆಸ್ಪತ್ರೆ ಬಾಗಿಲಲ್ಲೇ.

ನಾನು ಡಾಕ್ಟರಲ್ಲ, ಓದಿಕೊಂಡು ಹೇಳ್ತಿದ್ದೀನಿ. ವೈರಸ್ ಜೊತೆ ಹೋರಾಡೋ ನಮ್ಮ ದೇಹವೇ ಕೆಲವೊಮ್ಮೆ ರೊಚ್ಚಿಗೆದ್ದು ಶ್ವಾಸಕೋಶವನ್ನು ಸುಡುತ್ತೆ, ಗಾಳಿಚೀಲಗಳಲ್ಲಿ ನೀರು ತುಂಬುತ್ತೆ. ಅಸ್ಥಿಮಜ್ಜೆ, ಹೊಕ್ಕುಳಬಳ್ಳಿಯಿಂದ ತೆಗೆದ ಕೋಶಗಳು ಆ ಉರಿಯನ್ನು ತಣಿಸಬಹುದು ಅನ್ನೋದು ಆಸೆ. ಸುಳ್ಳು ಆಸೆ ಅಲ್ಲ. 2020ರಲ್ಲಿ ಬೀಜಿಂಗ್‌ನಲ್ಲಿ ಏಳು ಜನ ಕೋವಿಡ್ ರೋಗಿಗಳಿಗೆ ಕೊಟ್ಟು ಚೇತರಿಕೆ ಕಂಡರು. ಏಳೇ ಜನ! ಅದೇ ವರ್ಷ ಅಮೆರಿಕದಲ್ಲಿ ವೆಂಟಿಲೇಟರ್ ಮೇಲಿದ್ದವರ ಮೇಲೆ ದೊಡ್ಡ ಪ್ರಯೋಗ ಶುರುವಾಯ್ತು. ಸಾವು ಕಡಿಮೆಯಾಗೋ ಲಕ್ಷಣ ಕಾಣದೆ ಡಿಸೆಂಬರ್‌ನಲ್ಲಿ ಹೊಸಬರನ್ನು ಸೇರಿಸೋದನ್ನೇ ನಿಲ್ಲಿಸಿದರು.

ಆ ವರ್ಷ ಜೂನ್‌ನಲ್ಲಿ ಬ್ರಿಟನ್ನಿನ ಪ್ರಯೋಗ ತೋರಿಸಿದ್ದೇನು? ಕೆಲವೇ ರೂಪಾಯಿಯ ಡೆಕ್ಸಾಮೆಥಾಸೋನ್, ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳ ಸಾವನ್ನು ಮೂರನೇ ಒಂದು ಭಾಗ ತಗ್ಗಿಸಿತು. (ಅದು ಕೋವಿಡ್ ಲೆಕ್ಕ. ಎಲ್ಲ ನ್ಯುಮೋನಿಯಾಕ್ಕೂ ಅಂತ ಮೆಡಿಕಲ್ ಶಾಪಿಗೆ ಓಡಬೇಡಿ.) ಇನ್ನು 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ನಮ್ಮ ಜನ ಸತ್ತದ್ದು ಸ್ಟೆಮ್ ಸೆಲ್ ಇಲ್ಲದೆ ಅಲ್ಲ, ಆಕ್ಸಿಜನ್ ಇಲ್ಲದೆ.

ಐಸಿಎಂಆರ್‌ನ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ಕೆಲವು ರಕ್ತಸಂಬಂಧಿ ಕಾಯಿಲೆಗಳಂಥ ಒಪ್ಪಿತ ಬಳಕೆ ಬಿಟ್ಟರೆ ಉಳಿದದ್ದೆಲ್ಲ ಪ್ರಯೋಗ. ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್ ಒಳಗೇ ನಡೀಬೇಕು. ಹಾಗಿದ್ರೆ ಕೇಳ್ತೀನಿ: ಪ್ರಯೋಗ ಮಾಡೋರು ಅವರು, ಮೈ ಕೊಡೋರು ನಾವು, ದುಡ್ಡೂ ನಾವೇ ಯಾಕೆ ಕೊಡಬೇಕು?

ವಿಜ್ಞಾನದ ಮೇಲೆ ನನಗೆ ಸಿಟ್ಟಿಲ್ಲ. ನಾಳೆ ಇದು ಗೆಲ್ಲಬಹುದು, ಗೆದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ನಮಗೂ ಸಿಗಬೇಕು. ಟ್ರಯಲ್ಲೇ ಆದರೂ ಕಾಗದ ಕನ್ನಡದಲ್ಲಿರಲಿ, ಓದಿ ಹೇಳಲಿ, ನೋಂದಣಿ ಸಂಖ್ಯೆ ತೋರಿಸಲಿ.

ಆ ಹುಡುಗನಿಗೂ ನೋಂದಣಿ ಸಂಖ್ಯೆ ಕೇಳು ಅಂದೆ. ಕೇಳಿದನಂತೆ. "ಅದೆಲ್ಲ ನಿಮಗ್ಯಾಕೆ, ಬೇಗ ನಿರ್ಧಾರ ಮಾಡಿ" ಅಂದರಂತೆ. ಸಹಿ ಹಾಕಬೇಡ ಅಂದೆ. ಹೇಳೋದು ಸುಲಭ, ಒಳಗೆ ಮಲಗಿರೋದು ನನ್ನಪ್ಪ ಅಲ್ವಲ್ಲ. ಅವನು ಇನ್ನೂ ಸಹಿ ಹಾಕಿಲ್ಲ. ಅವರಪ್ಪ ಇನ್ನೂ ವೆಂಟಿಲೇಟರ್ ಮೇಲೇ ಇದ್ದಾರೆ.