ದೀಪ ಇರಲಿ, ಹಣೆಬರಹದ ಮಾತು ಬೇಡ



ನಮ್ಮ ಹಾಸ್ಟೆಲು ಹುಡುಗರಲ್ಲಿ ಒಂದು ಜಗಳ ಮುಗಿಯುವುದೇ ಇಲ್ಲ. ಊರಲ್ಲಿ ಸಾವಾಗುತ್ತದೆ. ಅಪ್ಪ ತೆಂಗಿನ ಮರದಿಂದ ಬೀಳುತ್ತಾನೆ, ಅಣ್ಣ ಗುಂಡಿಗೆ ಇಳಿದವನು ಜೀವಂತ ಮೇಲೆ ಬರುವುದಿಲ್ಲ. ಹುಡುಗ ಬಸ್ಸು ಹಿಡಿದು ಮನೆಗೆ ಹೋದರೆ ಅಮ್ಮ ದೈವದ ಮುಂದೆ ದೀಪ ಹಚ್ಚಿ ಕೂತಿರುತ್ತಾಳೆ. ಇವನಿಗೆ ಸಿಟ್ಟು ಬರುತ್ತದೆ. 'ಇಷ್ಟಾದ ಮೇಲೂ ದೈವಕ್ಕೆ ಎಣ್ಣೆ ಯಾಕೆ?' ಅಂತ ಕೂಗುತ್ತಾನೆ. ಹಾಸ್ಟೆಲಿಗೆ ವಾಪಸು ಬಂದು ತಾನು ದೊಡ್ಡ ವಿಚಾರವಾದಿ ಆದೆ ಅಂದುಕೊಳ್ಳುತ್ತಾನೆ.

ಅವನ ಸಿಟ್ಟು ಸರಿ. ಗುರಿ ಮಾತ್ರ ತಪ್ಪು.

ದುಃಖದ ಮನೆಯಲ್ಲಿ ಎರಡು ಮಾತು ಕೇಳುತ್ತವೆ. ಒಂದು, 'ದೈವ ನಮ್ಮ ಜೊತೆ ಇದೆ' ಎಂಬುದು. ಇನ್ನೊಂದು, 'ನಮ್ಮ ಹಣೆಬರಹ, ಪೂರ್ವಜನ್ಮದ ಕರ್ಮ' ಎಂಬುದು. ಎರಡೂ ಭಕ್ತಿಯ ಮಾತೇ ಅಂತ ನಾವು ತಿಳಿದಿದ್ದೇವೆ. ಅಲ್ಲ. ಮೊದಲನೆಯದು ಬಿದ್ದವರನ್ನು ಎಬ್ಬಿಸುತ್ತದೆ. ಎರಡನೆಯದು ಬಿದ್ದವರ ಮೇಲೇ ತಪ್ಪು ಹೊರಿಸುತ್ತದೆ.

ನಮ್ಮ ತುಳುನಾಡಿನ ದೈವಗಳನ್ನೇ ನೋಡಿ. ಕೊರಗಜ್ಜ ಯಾರು? ತನಿಯ ಎಂಬ ತಬ್ಬಲಿ ಕೊರಗ ಹುಡುಗ. ಕಳ್ಳು ಮಾರುವ ಬಿಲ್ಲವ ತಾಯಿ ಮೈರಕ್ಕೆ ಅವನನ್ನು ಸಾಕಿದಳು. ಏಳು ಜನರ ಹೊರೆಯನ್ನು ಒಬ್ಬನೇ ಹೊತ್ತು ದೇವಸ್ಥಾನಕ್ಕೆ ತಂದ. ಹೊರೆ ಒಳಗೆ ಹೋಯಿತು, ಹೊತ್ತವನು ಹೊರಗೆ ನಿಂತ. ಅಲ್ಲೇ ಮಾದಳದ ಹಣ್ಣು ಕೀಳಲು ಹತ್ತಿದವನು ಮಾಯವಾದ. ಪಾಡ್ದನ ಹೇಳುವವರ ಬಾಯಲ್ಲಿ ಕಥೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ, ತಿರುಳು ಇದೇ. ದೇವಸ್ಥಾನದ ಹೊರಗೆ ಕಾಣೆಯಾದ ಹುಡುಗ ಇವತ್ತು ಯಾವ ದೈವ? ಕಳೆದುಹೋದದ್ದನ್ನು ಹುಡುಕಿಕೊಡುವ ದೈವ! ಜಾತಿವಂತರೂ ಚಕ್ಕುಲಿ, ವೀಳ್ಯ, ಕಳ್ಳು ಇಟ್ಟು ಅವನನ್ನು ಕರೆಯುತ್ತಾರೆ. ಅವನನ್ನು ಹೊರಗೆ ನಿಲ್ಲಿಸಿದವರು ಯಾರು ಅಂತ ಮಾತ್ರ ಕೇಳುವುದಿಲ್ಲ.

ಕಾರ್ಕಳದ ಕಥೆಯೂ ಹಾಗೇ. 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟನನ್ನು ನೋಡಲು ಎಲ್ಲೆಲ್ಲಿಂದಲೋ ಬರುತ್ತಾರೆ. ಶಾಸನದಲ್ಲಿ ವೀರಪಾಂಡ್ಯ ಅರಸನ ಹೆಸರಿದೆ. ಕೆತ್ತಿದವನ ಕಥೆ ಪಾಡ್ದನದಲ್ಲಿದೆ. ಇಂಥ ಕೆಲಸ ಮತ್ತೆಲ್ಲೂ ಮಾಡಬಾರದು ಅಂತ ಅರಸ ಕಲ್ಕುಡನ ಒಂದು ಕೈ, ಒಂದು ಕಾಲು ಕಡಿಸಿದ. ಅಣ್ಣನ ಗತಿ ಕಂಡ ತಂಗಿ ಕಲ್ಲುರ್ಟಿ 'ಹಣೆಬರಹ ಅಣ್ಣಾ' ಅನ್ನಲಿಲ್ಲ. ಅರಮನೆಗೆ ಲೆಕ್ಕ ಕೇಳಿದಳು. ಅಣ್ಣ ತಂಗಿ ಇಬ್ಬರೂ ದೈವಗಳಾದರು. ಇದು ಚರಿತ್ರೆಯೋ ಕಟ್ಟುಕತೆಯೋ ಪಂಡಿತರು ವಾದಿಸಿಕೊಳ್ಳಲಿ. ನಮ್ಮ ಜನ ನೂರಾರು ವರ್ಷ ಏನನ್ನು ನೆನಪಿಟ್ಟರು, ಅದು ಮುಖ್ಯ. ಕೈ ಕಡಿದವನು ಯಾರು ಎಂಬುದನ್ನು ನೆನಪಿಟ್ಟರು. ನಲಿಕೆ, ಪಂಬದ, ಪರವರು ಬಣ್ಣ ಹಚ್ಚಿ, ಗಗ್ಗರ ಕಟ್ಟಿ ಆ ಅನ್ಯಾಯವನ್ನು ಗುತ್ತಿನವರ ಮುಂದೆಯೇ ಹೇಳಿದರು. ಇದು ಸಾವನ್ನು ಒಪ್ಪಿಕೊಂಡು ಸುಮ್ಮನಾದವರ ಭಕ್ತಿಯಾ? ನೀವೇ ಹೇಳಿ.

ಹಾಗಂತ ನಂಬಿಕೆಯೆಲ್ಲ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಅಜಲು ಏನು? ಜಾತಿವಂತರ ಮನೆಯಲ್ಲಿ ರೋಗ ಬಂದರೆ, ಹುಟ್ಟುವ ಮಗು ಉಳಿಯದೆಂಬ ಭಯ ಬಂದರೆ, ಅನ್ನದಲ್ಲಿ ಕೂದಲು ಉಗುರು ಬೆರೆಸಿ ಕೊರಗರಿಗೆ ತಿನ್ನಿಸುತ್ತಿದ್ದರು. ಬರುವ ಸಾವು ಕೊರಗನ ಹೊಟ್ಟೆಗೆ ಹೋಗಲಿ ಅಂತ! ಅದೂ ಕಷ್ಟಕಾಲದ ನಂಬಿಕೆಯೇ ಸ್ವಾಮಿ. ತಮ್ಮ ಮಗು ಉಳಿಯಬೇಕು, ಕೊರಗರ ಮಗು ಲೆಕ್ಕಕ್ಕಿಲ್ಲ. ಇದನ್ನು ನಿಷೇಧಿಸುವ ಕಾಯಿದೆ ಬಂದದ್ದು 2000ದಲ್ಲಿ, ಸ್ವಾತಂತ್ರ್ಯ ಬಂದು 53 ವರ್ಷದ ಮೇಲೆ. ತಮ್ಮ ದುಃಖವನ್ನು ಇನ್ನೊಬ್ಬರ ತಲೆಗೆ ಕಟ್ಟುವ ನಂಬಿಕೆಯನ್ನು ಬೇರುಸಹಿತ ಕೀಳಬೇಕು.

ಕರ್ಮದ ಮಾತೂ ಅಜಲಿನ ತಮ್ಮನೇ. ಅಜಲು ಅನ್ನದಲ್ಲಿ ಬೆರೆಸಿ ಕೊಟ್ಟದ್ದನ್ನು ಕರ್ಮ ಮಾತಿನಲ್ಲಿ ಬೆರೆಸಿ ಕೊಡುತ್ತದೆ. ಬಡವರ ಸ್ಥಿತಿಗೆ ಸಮಾಜ ಜವಾಬ್ದಾರಿಯಿಂದ ತಪ್ಪಿಸಿಕೊಳ್ಳಲಿಕ್ಕೇ ಈ ಪೂರ್ವಜನ್ಮದ ಸಿದ್ಧಾಂತ ಅಂತ ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಬಿಡಿಸಿ ಹೇಳಿದ್ದಾರೆ. ಸತ್ತ ಮಗುವನ್ನು ಎತ್ತಿಕೊಂಡು ಬಂದ ಕಿಸಾಗೌತಮಿಗೆ ಬುದ್ಧ 'ನಿನ್ನ ಪಾಪ' ಅನ್ನಲಿಲ್ಲ. ಸಾವಿಲ್ಲದ ಮನೆಯಿಂದ ಸಾಸಿವೆ ತಾ ಅಂತ ಮನೆ ಮನೆಗೆ ಕಳಿಸಿದ. ಅವಳ ದುಃಖವನ್ನು ಊರಿನ ದುಃಖದ ಜೊತೆ ಸೇರಿಸಿದ.

ಬಾಬಾಸಾಹೇಬರೇನು ಸಾವು ಕಾಣದವರೇ? ಐದು ಮಕ್ಕಳಲ್ಲಿ ನಾಲ್ಕನ್ನು ಮಣ್ಣಿಗೆ ಕೊಟ್ಟವರು. ಕೊನೆಯ ಮಗ ರಾಜರತ್ನ 1926ರಲ್ಲಿ ಹೋದ. ಪತ್ನಿ ರಮಾಬಾಯಿ 1935ರ ಮೇ 27ರಂದು ತೀರಿಕೊಂಡರು. ಆ ತಾಯಿಗೆ ಪಂಢರಪುರಕ್ಕೆ ಹೋಗುವ ಆಸೆಯಿತ್ತು. ನಮ್ಮನ್ನು ಒಳಗೆ ಬಿಡದ ಪಂಢರಪುರ ಯಾಕೆ, ಬೇರೆಯದನ್ನೇ ಕಟ್ಟೋಣ ಎಂದಿದ್ದರು ಬಾಬಾಸಾಹೇಬರು. ಆಕೆಯ ಭಕ್ತಿಯನ್ನು ಹೀಗಳೆಯಲಿಲ್ಲ, ಬಾಗಿಲು ಮುಚ್ಚಿದವರನ್ನು ಬೈದರು. ಅದೇ ಅಕ್ಟೋಬರಿನಲ್ಲಿ ಯೇವಲೆಯಲ್ಲಿ ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು. 1956ರ ಅಕ್ಟೋಬರ್ 14ರಂದು ಧಮ್ಮ ದೀಕ್ಷೆ ತೆಗೆದುಕೊಂಡರು. ಡಿಸೆಂಬರ್ 6ಕ್ಕೆ ಅವರೇ ಇಲ್ಲ! ಎರಡು ತಿಂಗಳೂ ತುಂಬಿರಲಿಲ್ಲ. ನಂಬಿದವರು ದಿಕ್ಕೆಟ್ಟು ಚದುರಿದರೇ? ಮುಂಬಯಿಯಲ್ಲಿ ಅವರ ಚಿತೆಯ ಹತ್ತಿರವೇ ಸಾವಿರ ಸಾವಿರ ಜನ ದೀಕ್ಷೆ ತೆಗೆದುಕೊಂಡರು. ಸಾವಿನ ಎದುರು ನಂಬಿಕೆ ಉಳಿಸಿಕೊಳ್ಳುವುದು ಎಂದರೆ ಇದು.

ನಂಬಿಕೆ ಇದ್ದರೆ ಔಷಧಿ ಬಿಡಬೇಕು ಅಂತಲೂ ಇಲ್ಲ. ಸಿಡುಬು ಬಂದರೆ ಅಮ್ಮ ಬಂದಳು ಅಂತ ನಮ್ಮ ಹಿರಿಯರು ಕಾಪುವಿನ ಮಾರಿಗೆ ಹರಕೆ ಹೊತ್ತರು, ಲಸಿಕೆಗೆ ತೋಳನ್ನೂ ಕೊಟ್ಟರು. 1977ರಲ್ಲಿ ದೇಶ ಸಿಡುಬಿನಿಂದ ಮುಕ್ತ ಎಂದು ಘೋಷಣೆಯಾಯಿತು. ಮಾರಿಪೂಜೆ ಈಗಲೂ ನಡೆಯುತ್ತದೆ. ಹರಕೆ ಕಾಪುವಿನಲ್ಲಿ ಇರಲಿ, ಜ್ವರ ಬಂದರೆ ಮಣಿಪಾಲಕ್ಕೂ ಹೋಗಿ. ತಡಮಾಡಬೇಡಿ.

ಈಗ ಕೆಲಸದ ಮಾತು. ಮಲಗುಂಡಿಗೆ ಇಳಿದು ಉಸಿರುಗಟ್ಟಿ ಸತ್ತರೆ ಇಳಿಸಿದ ಯಜಮಾನ ಮೊದಲು ಬಂದು ಹೇಳುವುದೇನು? 'ಏನು ಮಾಡೋದು, ಅವನ ಆಯುಷ್ಯ ಅಷ್ಟೇ.' ಈ ಮಾತಿಗೆ ಬೆಲೆ ಇದೆ. ಮನುಷ್ಯನನ್ನು ಹೀಗೆ ಇಳಿಸುವುದು 2013ರ ಕಾಯಿದೆಯಂತೆ ಅಪರಾಧ. ಸತ್ತವರ ಮನೆಗೆ 10 ಲಕ್ಷ ಕೊಡಬೇಕು ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷ ಮಾಡಿತು. ಅಮ್ಮ 'ಹಣೆಬರಹ' ಎಂದು ತಲೆ ಆಡಿಸಿದರೆ ಯಜಮಾನನಿಗೆ ಉಳಿಯುವುದು ಆ ಕೇಸು, ಆ ಲೆಕ್ಕ.

ಆದ್ದರಿಂದ ಓದಿದವರು ಮಾಡಬೇಕಾದದ್ದು ಇಷ್ಟು. ದೀಪ ಆರಿಸಬೇಡಿ. ಅಮ್ಮನ ಹತ್ತಿರ ಕೂತು ಕೊರಗ ತನಿಯನ ಕಥೆ, ಕಲ್ಲುರ್ಟಿಯ ಕಥೆ ಅವಳ ಬಾಯಿಂದಲೇ ಹೇಳಿಸಿ. ನಿಮಗಿಂತ ಚೆನ್ನಾಗಿ ಅವಳಿಗೇ ಗೊತ್ತು. ಹೆಣ ಎತ್ತುವ ಮೊದಲು ಪೋಲೀಸು ದೂರು ಬರೆಸಿ, ಮರಣೋತ್ತರ ಪರೀಕ್ಷೆ ಮಾಡಿಸಿ, ಎಫ್.ಐ.ಆರ್. ಪ್ರತಿ ಕೈಗೆ ತೆಗೆದುಕೊಳ್ಳಿ. ಬಿಳಿ ಹಾಳೆಗೆ ಯಾರೂ ಹೆಬ್ಬೆಟ್ಟು ಒತ್ತದ ಹಾಗೆ ನೋಡಿಕೊಳ್ಳಿ. ಯಜಮಾನ 'ಆಯುಷ್ಯ' ಅಂದರೆ 'ಯಾರು ಇಳಿಸಿದ್ದು?' ಅಂತ ಕೇಳಿ. ಅಷ್ಟು ಕೇಳಲಿಕ್ಕಾದರೂ ನಮ್ಮ ಓದು ಬರಲಿ.

ಜೈ ಭೀಮ್.