ಕ್ಷಮೆಗೊಂದು ದಿನ: ಮಾಯಾ ಜನರ ಆಚರಣೆ ಮತ್ತು ಮನಸ್ಸಿನ ಆರೋಗ್ಯ

ರಕ್ತದೊತ್ತಡ, ಸಕ್ಕರೆ, ಕೊಬ್ಬು ಇವುಗಳ ಲೆಕ್ಕವಿಡಲು ಮಹಾನಗರದ ಮನುಷ್ಯ ಚೆನ್ನಾಗಿ ಕಲಿತಿದ್ದಾನೆ. ವರ್ಷಕ್ಕೊಮ್ಮೆ ರಕ್ತಪರೀಕ್ಷೆ, ಆರು ತಿಂಗಳಿಗೊಮ್ಮೆ ದಂತವೈದ್ಯರ ಭೇಟಿ ಎಂದು ಮೊದಲೇ ದಿನ ಗೊತ್ತುಮಾಡಿಕೊಳ್ಳುತ್ತಾನೆ. ಆದರೆ ಊರಿನ ಹೊಲಮನೆಗಳ ಪಾಲಿನ ವಿಷಯದಲ್ಲಿ ಮುನಿದು, ಹತ್ತು ವರ್ಷಗಳಿಂದ ಮಾತು ಬಿಟ್ಟಿರುವ ಅಣ್ಣನ ಮನೆಯ ಮೆಟ್ಟಿಲು ಹತ್ತುವುದಕ್ಕೆ ಅವನು ಯಾವ ದಿನವನ್ನೂ ಗೊತ್ತುಮಾಡಿಲ್ಲ. ‘ಕಾಲ ಕೂಡಿ ಬಂದಾಗ ನೋಡೋಣ’ ಎಂದು ಮುಂದೂಡುತ್ತ ಹೋದ ಆ ಕೆಲಸ ಎಷ್ಟೋ ಸಲ ಊರಿನಿಂದ ಬರುವ ಸಾವಿನ ಸುದ್ದಿಯೊಂದಿಗೆ ಮುಗಿದುಹೋಗುತ್ತದೆ.

ಮಧ್ಯ ಅಮೆರಿಕದ ಮಾಯಾ ಜನ ಈ ಕೆಲಸವನ್ನು ಕಾಲದ ಕೃಪೆಗೆ ಬಿಟ್ಟಿಲ್ಲ. ಅವರ ಪಂಚಾಂಗದಲ್ಲಿ ಕ್ಷಮೆ ಬೇಡುವುದಕ್ಕೆಂದೇ ಒಂದು ದಿನವಿದೆ. ಅದು ಇಪ್ಪತ್ತು ದಿನಗಳಿಗೊಮ್ಮೆ ತಪ್ಪದೆ ಬರುತ್ತದೆ. ಆ ಆಚರಣೆಯಲ್ಲಿ ಅಡಗಿರುವ ವಿವೇಕ ಇಂದಿನ ನಗರಜೀವಿಯೂ ವಿಚಾರ ಮಾಡಬೇಕಾದಂಥದು.

ಮಾಯಾ ಎಂಬ ಈ ಹೆಸರಿಗೂ ವೇದಾಂತದ ಮಾಯೆಗೂ ಯಾವ ಸಂಬಂಧವೂ ಇಲ್ಲ. ಭಾರತದಲ್ಲಿ ಈ ಹೆಸರು ಮನೆಮಾತಾದದ್ದು 2012ರಲ್ಲಿ. ಆ ವರ್ಷದ ಡಿಸೆಂಬರ್ 21ರಂದು ಪ್ರಳಯವಾಗುವುದೆಂದು ಮಾಯಾ ಪಂಚಾಂಗ ಹೇಳಿದೆಯೆಂಬ ಗುಲ್ಲು ಲೋಕವನ್ನೆಲ್ಲ ಸುತ್ತಿಬಂದಿತು. ಪಂಚಾಂಗದ ಲೆಕ್ಕದಲ್ಲಿ ಆ ದಿನ ಮುಗಿದದ್ದು ಸುಮಾರು 394 ವರ್ಷಗಳ ‘ಬಕ್ತೂನ್’ ಎಂಬ ಕಾಲಮಾನ, ಅದರ ಹದಿಮೂರನೆಯ ಸುತ್ತು. ಮರುದಿನ ಸೂರ್ಯ ಎಂದಿನಂತೆ ಹುಟ್ಟಿದ. ಪತ್ರಿಕೆಗಳು ಮಾಯಾ ಜನರನ್ನು ಮರೆತವು. ಆದರೆ ಆ ಜನ ಅಳಿದುಹೋದವರಲ್ಲ. ಗ್ವಾಟೆಮಾಲಾ, ದಕ್ಷಿಣ ಮೆಕ್ಸಿಕೊ ಮತ್ತು ಬೆಲೀಜ್ ಪ್ರದೇಶಗಳಲ್ಲಿ ಲಕ್ಷಾಂತರ ಮಂದಿ ಇಂದಿಗೂ ಮಾಯಾ ಭಾಷೆಗಳನ್ನಾಡುತ್ತಾರೆ. ಗ್ವಾಟೆಮಾಲಾ ಒಂದರಲ್ಲೇ ಅಂಥ ಭಾಷೆಗಳು ಇಪ್ಪತ್ತಕ್ಕೂ ಹೆಚ್ಚು.

ಎಣಿಕೆಯೊಳಗಿನ ಕ್ಷಮೆ

ಗ್ವಾಟೆಮಾಲಾದ ಬೆಟ್ಟಸೀಮೆಯ ಕಿಚೆ ಮಾಯಾ ಜನರಲ್ಲಿ 260 ದಿನಗಳ ಒಂದು ಧಾರ್ಮಿಕ ಪಂಚಾಂಗ ಇಂದಿಗೂ ಬಳಕೆಯಲ್ಲಿದೆ. ಇಪ್ಪತ್ತು ದಿನಗಳಿಗೆ ಇಪ್ಪತ್ತು ಹೆಸರು. ಒಂದರಿಂದ ಹದಿಮೂರರವರೆಗಿನ ಸಂಖ್ಯೆಗಳು ಆ ಹೆಸರುಗಳೊಡನೆ ಸುತ್ತುತ್ತ ಸಾಗಿದರೆ 260 ದಿನಗಳ ಒಂದು ಆವರ್ತ ಪೂರ್ಣವಾಗುತ್ತದೆ. ಈ ಎಣಿಕೆಯನ್ನು ಬಲ್ಲ ಪುರೋಹಿತನಿಗೆ ‘ಆಹ್-ಕಿಹ್’ ಎಂದು ಹೆಸರು. ದಿನಗಳವನು ಎಂದು ಅದರ ಅರ್ಥ. ಸ್ತ್ರೀಯರೂ ಈ ದೀಕ್ಷೆಯನ್ನು ಪಡೆಯುತ್ತಾರೆ. ಮೊಮೊಸ್ತೆನಾಂಗೊ ಎಂಬ ಊರು ಇಂಥ ದೀಕ್ಷೆಗೆ ಪ್ರಸಿದ್ಧವಾದುದು. ಅಮೆರಿಕದ ಮಾನವಶಾಸ್ತ್ರಜ್ಞೆ ಬಾರ್ಬರಾ ಟೆಡ್‌ಲಾಕ್ ಅಲ್ಲಿ ತಾವೇ ಶಿಷ್ಯೆಯಾಗಿ ದೀಕ್ಷೆ ಪಡೆದು, ಆ ಪಂಚಾಂಗವನ್ನು ಕುರಿತ ತಮ್ಮ ಗ್ರಂಥವನ್ನು 1982ರಲ್ಲಿ ಪ್ರಕಟಿಸಿದರು.

ಇಪ್ಪತ್ತು ದಿನಗಳಲ್ಲಿ ಮೂರು ಇಲ್ಲಿ ಮುಖ್ಯವಾದವು. ‘ತೊಹ್’ ಎಂಬುದು ಋಣ ತೀರಿಸುವ ದಿನ. ಆ ಮಾತಿಗೆ ಸಲ್ಲಿಸುವುದು, ಪಾವತಿ ಮಾಡುವುದು ಎಂಬ ಅರ್ಥಚ್ಛಾಯೆಯಿದೆ. ಅದರ ಮರುದಿನ ‘ತ್ಸಿ’, ನ್ಯಾಯಕ್ಕೆ ಮೀಸಲಾದ ದಿನ. ಅಲ್ಲಿಂದ ಆರನೆಯ ದಿನ ‘ಆಹ್-ಮಾಕ್’. ಮಾಕ್ ಎಂದರೆ ಪಾಪ, ದೋಷ. ಆಹ್-ಮಾಕ್ ಎಂದರೆ ದೋಷವುಳ್ಳವನು. ಪಿತೃಗಳಲ್ಲಿ, ಭೂಮಿಯಲ್ಲಿ, ನೊಂದ ಮನುಷ್ಯರಲ್ಲಿ ಕ್ಷಮೆ ಬೇಡುವ ದಿನವಿದು. ಕ್ಷಮೆಯ ದಿನಕ್ಕೆ ಕ್ಷಮಿಸುವವನ ಹೆಸರಿಲ್ಲ, ತಪ್ಪಿತಸ್ಥನ ಹೆಸರಿದೆ. ಋಣ, ನ್ಯಾಯ, ಕ್ಷಮೆ ಮೂರಕ್ಕೂ ಬೇರೆ ಬೇರೆ ದಿನಗಳಿರುವುದು ಅದಕ್ಕಿಂತಲೂ ಗಮನಾರ್ಹ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಆಚರಣೆ ನಡೆಯುವುದು ಬೆಟ್ಟದ ತುದಿಯಲ್ಲಿ, ಗುಹೆಯ ಬಾಯಲ್ಲಿ, ಇಲ್ಲವೆ ನೀರಿನ ಬುಗ್ಗೆಯ ಬಳಿ. ಪುರೋಹಿತನು ನೆಲದ ಮೇಲೆ ಸಕ್ಕರೆಯಿಂದ ಒಂದು ವರ್ತುಲ ಬರೆದು, ಅದರೊಳಗೆ ನಾಲ್ಕು ದಿಕ್ಕುಗಳನ್ನು ಸೂಚಿಸುವ ಗೆರೆಗಳನ್ನೆಳೆಯುತ್ತಾನೆ. ಪೂರ್ವಕ್ಕೆ ಕೆಂಪು, ಪಶ್ಚಿಮಕ್ಕೆ ಕಪ್ಪು, ಉತ್ತರಕ್ಕೆ ಬಿಳಿ, ದಕ್ಷಿಣಕ್ಕೆ ಹಳದಿ ಮೇಣದ ಬತ್ತಿಗಳು; ನಡುವೆ ಆಕಾಶಕ್ಕೆ ನೀಲಿ, ಭೂಮಿಗೆ ಹಸಿರು. ಅದರ ಮೇಲೆ ಹಾಲುಮಡ್ಡಿಯಂತೆ ಪರಿಮಳದ ಹೊಗೆ ಕೊಡುವ ಕೋಪಾಲ್ ರಾಳದ ಉಂಡೆಗಳು, ಹೂವು, ಜೇನು, ಚಾಕೊಲೇಟು, ಎಳ್ಳು. ಬೆಂಕಿ ಹೊತ್ತಿಸಿ ನಾಲ್ಕು ದಿಕ್ಕುಗಳನ್ನೂ ಪೂರ್ವಿಕರನ್ನೂ ಕರೆದು, ಇಪ್ಪತ್ತು ದಿನಗಳ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಎಣಿಕೆ ಸಾಗುತ್ತದೆ. ಬಂದವರು ಮಂಡಿಯೂರಿ, ತಮ್ಮ ತಪ್ಪನ್ನು ಬಾಯಿಬಿಟ್ಟು ಹೇಳಿ, ಕೈಯಲ್ಲಿದ್ದ ಬತ್ತಿಯನ್ನು ಬೆಂಕಿಗೆ ಅರ್ಪಿಸುತ್ತಾರೆ. ಕಿಚೆ ಭಾಷೆಯಲ್ಲಿ ಕ್ಷಮಿಸುವುದಕ್ಕಿರುವ ಒಂದು ಮಾತಿನ ಧಾತುವಿಗೆ ಕಳೆದುಹೋಗು, ಇಲ್ಲವಾಗು ಎಂಬ ಅರ್ಥವಿದೆ. ಮೇಣ ಕರಗಿದಂತೆ ದೋಷವೂ ಕಳೆದುಹೋಗಲಿ ಎಂಬುದು ಅಲ್ಲಿಯ ಭಾವ.

ಈ ಆಚರಣೆಯಲ್ಲಿ ಮೂರು ಅಂಶಗಳು ಎದ್ದು ಕಾಣುತ್ತವೆ. ಮೊದಲನೆಯದು, ದಿನ ನಿಶ್ಚಿತವಾಗಿರುವುದು. ಎರಡನೆಯದು, ತಪ್ಪನ್ನು ಮನಸ್ಸಿನಲ್ಲೇ ನೆನೆದು ಸುಮ್ಮನಾಗದೆ ಸಾಕ್ಷಿಗಳ ಎದುರು ಮಾತಿನಲ್ಲಿ ಹೇಳುವುದು. ಮೂರನೆಯದು, ಶ್ರಮವೂ ವೆಚ್ಚವೂ ತಪ್ಪು ಮಾಡಿದವನವೇ ಆಗಿರುವುದು. ಬೆಟ್ಟ ಹತ್ತುವವನು, ಬತ್ತಿ ಕೊಳ್ಳುವವನು, ಮಂಡಿಯೂರುವವನು ಕ್ಷಮೆ ಬೇಡುವವನೇ ಹೊರತು ನೊಂದವನಲ್ಲ.

ರೋಗಿಯ ಹಾಸಿಗೆಯ ಬಳಿ

ತಪ್ಪೊಪ್ಪಿಗೆಗೂ ಆರೋಗ್ಯಕ್ಕೂ ಸಂಬಂಧವಿದೆಯೆಂಬ ನಂಬಿಕೆ ಮಾಯಾ ಜನರಲ್ಲಿ ಬಹಳ ಹಳೆಯದು. ಇದಕ್ಕೆ ಸಾಕ್ಷಿ ದೊರೆಯುವುದು ವಿಚಿತ್ರವಾದ ಒಂದು ಕಡೆಯಿಂದ. ಸ್ಪೇನಿನ ಕ್ರೈಸ್ತ ಸಂನ್ಯಾಸಿ ದಿಯೆಗೊ ದೆ ಲಾಂಡಾ 1562ರಲ್ಲಿ ಯುಕಾಟಾನಿನ ಮಾನಿ ಎಂಬ ಊರಿನಲ್ಲಿ ಮಾಯಾ ಗ್ರಂಥಗಳನ್ನು ಬೆಂಕಿಗೆ ಹಾಕಿಸಿದ. ಇಂದು ಪ್ರಪಂಚದಲ್ಲಿ ಉಳಿದಿರುವ ಮಾಯಾ ಹಸ್ತಪ್ರತಿಗಳು ನಾಲ್ಕೇ ನಾಲ್ಕು. ಸುಟ್ಟ ಆ ಕೈಯೇ ಕೆಲವು ವರ್ಷಗಳ ಮೇಲೆ ಅವರ ಆಚಾರ ವಿಚಾರಗಳನ್ನು ಬರೆದಿಟ್ಟಿತು.

ರೋಗವೂ ಮರಣವೂ ಪಾಪದಿಂದ ಬರುತ್ತವೆಂದು ನಂಬಿದ್ದ ಯುಕಾಟಾನಿನ ಜನ, ಪ್ರಾಣಾಪಾಯದ ಕಾಯಿಲೆ ಬಿದ್ದಾಗ ತಮ್ಮ ತಪ್ಪುಗಳನ್ನು ಒಪ್ಪಿಕೊಳ್ಳುತ್ತಿದ್ದರೆಂದು ಲಾಂಡಾ ಬರೆದಿದ್ದಾನೆ. ಪುರೋಹಿತನಿದ್ದರೆ ಅವನ ಮುಂದೆ. ಇಲ್ಲದಿದ್ದರೆ ತಂದೆತಾಯಿಗಳ ಮುಂದೆ, ಗಂಡ ಹೆಂಡತಿಯ ಮುಂದೆ, ಹೆಂಡತಿ ಗಂಡನ ಮುಂದೆ. ಕಳವು, ಕೊಲೆ, ವ್ಯಭಿಚಾರ, ಸುಳ್ಳುಸಾಕ್ಷಿ ಇವು ಒಪ್ಪಿಕೊಳ್ಳುತ್ತಿದ್ದ ತಪ್ಪುಗಳು. ರೋಗಿ ಬದುಕಿಕೊಂಡರೆ, ಹೊರಬಿದ್ದ ಗುಟ್ಟಿನಿಂದಾಗಿ ಗಂಡಹೆಂಡಿರಲ್ಲಿ ದೊಡ್ಡ ಜಗಳವಾಗುತ್ತಿದ್ದುದೂ ಉಂಟೆಂದು ಅವನು ಸೇರಿಸುತ್ತಾನೆ. ಕ್ಷಮೆ ಬೇಡುವುದು ಅಗ್ಗದ ಔಷಧವಲ್ಲವೆಂಬುದನ್ನು ತೋರಿಸಲು ಇದೊಂದೇ ಮಾತು ಸಾಕು.

ರೋಗಕ್ಕೆ ಪಾಪವೇ ಕಾರಣವೆಂದು ಇಂದು ಯಾರೂ ಹೇಳಬೇಕಾಗಿಲ್ಲ. ಹೇಳಿದರೆ ಅದು ರೋಗಿಗೆ ಮಾಡುವ ಅನ್ಯಾಯ. ಆದರೆ ಹಗೆಯನ್ನು ಹೊತ್ತುಕೊಂಡ ಶರೀರ ಸುಮ್ಮನಿರುವುದಿಲ್ಲವೆಂಬುದಕ್ಕೆ ಆಧಾರಗಳಿವೆ. ಅಮೆರಿಕದ ಹೋಪ್ ಕಾಲೇಜಿನ ಮನೋವಿಜ್ಞಾನಿ ಶಾರ್ಲಟ್ ವಿಟ್‌ವ್ಲೀಟ್ ಮತ್ತು ಸಂಗಡಿಗರು 71 ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದ ಫಲವನ್ನು 2001ರಲ್ಲಿ ಪ್ರಕಟಿಸಿದರು. ತಮ್ಮನ್ನು ನಿಜವಾಗಿ ನೋಯಿಸಿದ ಒಬ್ಬರನ್ನು ನೆನೆದು, ದ್ವೇಷವನ್ನು ಮೆಲುಕು ಹಾಕುವಾಗ ಅವರ ಎದೆಬಡಿತ, ರಕ್ತದೊತ್ತಡ, ಚರ್ಮದ ಬೆವರು ಮತ್ತು ಹುಬ್ಬಿನ ಸ್ನಾಯುಗಳ ಬಿಗಿತ ಏರುತ್ತಿದ್ದವು. ಅದೇ ವ್ಯಕ್ತಿಯನ್ನು ಕ್ಷಮಿಸುವಂತೆ ಭಾವಿಸಿದಾಗ ಆ ಏರಿಕೆ ಕಡಿಮೆಯಾಗಿತ್ತು. ಕೊಲಂಬಿಯಾ, ಇಂಡೋನೇಷ್ಯಾ, ದಕ್ಷಿಣ ಆಫ್ರಿಕಾ, ಉಕ್ರೇನ್ ಮೊದಲಾದೆಡೆ ನಾಲ್ಕೂವರೆ ಸಾವಿರ ಮಂದಿ ಭಾಗವಹಿಸಿದ ಅಧ್ಯಯನವೊಂದು 2024ರಲ್ಲಿ ಹೊರಬಂದಿತು. ಕ್ಷಮೆಯನ್ನು ಅಭ್ಯಾಸಮಾಡಿಸುವ ಕೈಪಿಡಿಯೊಂದನ್ನು ಕೆಲವೇ ತಾಸುಗಳ ಕಾಲ ಬಳಸಿದವರಲ್ಲಿ ಖಿನ್ನತೆಯೂ ಕಳವಳವೂ ತಗ್ಗಿದ್ದನ್ನು ಅದು ತೋರಿಸಿತು.

ಇದನ್ನೋದಿ ಯಾರೂ ರಕ್ತದೊತ್ತಡದ ಮಾತ್ರೆಯನ್ನು ಬಿಡತಕ್ಕದ್ದಲ್ಲ. ಪ್ರಯೋಗಶಾಲೆಯ ಕೆಲವು ನಿಮಿಷಗಳ ಅಳತೆಯಿಂದ ಆಯುಷ್ಯದ ಲೆಕ್ಕ ಹಾಕುವುದೂ ಸರಿಯಲ್ಲ. ಇಂಥ ಸಂಶೋಧನೆಗಳು ಹೆಚ್ಚಾಗಿ ನೊಂದವನ ಕಡೆಯಿಂದ ಆರಂಭವಾಗುತ್ತವೆಂಬುದನ್ನೂ ಮರೆಯಬಾರದು. ‘ಕ್ಷಮಿಸು, ನಿನಗೇ ಒಳ್ಳೆಯದು’ ಎಂಬುದು ಅವುಗಳ ಉಪದೇಶ. ಮಾಯಾ ಆಚರಣೆ ತಪ್ಪು ಮಾಡಿದವನ ಕಡೆ ತಿರುಗಿ ‘ನೀನು ಮೊದಲು ಕೇಳು’ ಎನ್ನುತ್ತದೆ. ಈ ಎರಡನೆಯ ಮಾತೇ ಹೆಚ್ಚು ನ್ಯಾಯವಾದುದು.

ನ್ಯಾಯವಿಲ್ಲದ ಕ್ಷಮೆ

ಏಕೆಂದರೆ, ಕೇಳದೆಯೇ ಕ್ಷಮಿಸಬೇಕೆಂಬ ಒತ್ತಾಯ ಎಷ್ಟು ಕ್ರೂರವಾಗಬಲ್ಲದೆಂಬುದನ್ನು ಮಾಯಾ ಜನರಷ್ಟು ಬಲ್ಲವರು ಕಡಿಮೆ. ಗ್ವಾಟೆಮಾಲಾದಲ್ಲಿ 1960ರಿಂದ 1996ರವರೆಗೆ ಅಂತರ್ಯುದ್ಧ ನಡೆಯಿತು. ವಿಶ್ವಸಂಸ್ಥೆಯ ನೆರವಿನ ಸತ್ಯಶೋಧನಾ ಆಯೋಗ 1999ರಲ್ಲಿ ಕೊಟ್ಟ ವರದಿಯಂತೆ, ಸತ್ತವರೂ ಕಾಣೆಯಾದವರೂ ಸೇರಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ. ಗುರುತು ಸಿಕ್ಕವರಲ್ಲಿ ಶೇಕಡ 83 ಮಂದಿ ಮಾಯಾ ಜನ. ದಾಖಲಾದ ಮಾನವಹಕ್ಕುಗಳ ಉಲ್ಲಂಘನೆಗಳಲ್ಲಿ ಶೇಕಡ 93ಕ್ಕೆ ಸರಕಾರಿ ಪಡೆಗಳೂ ಅವುಗಳ ಜೊತೆಗಿದ್ದ ಗುಂಪುಗಳೂ ಹೊಣೆಯೆಂದು ಆಯೋಗ ನಿರ್ಣಯಿಸಿತು. ಸಾಮೂಹಿಕ ಗೋರಿಗಳನ್ನು ಅಗೆದು ಎಲುಬುಗಳನ್ನು ಗುರುತಿಸುವ ಕೆಲಸ ಬಹಳ ವರ್ಷಗಳ ಕಾಲ ನಡೆಯಿತು. ಅಂಥ ಎಷ್ಟೋ ಕಡೆ ಗುದ್ದಲಿ ನೆಲಕ್ಕೆ ತಾಗುವ ಮೊದಲು ಬಂಧುಗಳು ಬತ್ತಿ ಹಚ್ಚಿ, ಕೋಪಾಲ್ ಹೊಗೆಹಾಕಿ, ಭೂಮಿಯಲ್ಲಿಯೂ ಸತ್ತವರಲ್ಲಿಯೂ ಅನುಮತಿ ಬೇಡಿದರು, ಕ್ಷಮೆ ಬೇಡಿದರು. ಎಲ್ಲವನ್ನೂ ಕಳೆದುಕೊಂಡವರು ಅಗೆತಕ್ಕಾಗಿ ನೆಲದ ಕ್ಷಮೆ ಕೇಳಿದರು. ಕೊಂದವರಲ್ಲಿ ಬಹುಪಾಲು ಜನ ಯಾರನ್ನೂ ಕೇಳಲಿಲ್ಲ.

ಆ ಜನ ಕ್ಷಮೆಯ ಹೆಸರಿನಲ್ಲಿ ನ್ಯಾಯವನ್ನು ಬಿಟ್ಟುಕೊಡಲಿಲ್ಲ. ಸೆಪೂರ್ ಸಾರ್ಕೊ ಎಂಬ ಹಳ್ಳಿಯ ಸೇನಾಶಿಬಿರದಲ್ಲಿ 1980ರ ದಶಕದಲ್ಲಿ ಗುಲಾಮಗಿರಿಗೂ ಅತ್ಯಾಚಾರಕ್ಕೂ ಗುರಿಯಾದ ಕೆಕ್ಚಿ ಮಾಯಾ ಸ್ತ್ರೀಯರು, ಮುಪ್ಪಿನಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2016ರ ಫೆಬ್ರವರಿಯಲ್ಲಿ ಸೇನೆಗೆ ಸಂಬಂಧಿಸಿದ ಇಬ್ಬರಿಗೆ ದೀರ್ಘ ಸೆರೆವಾಸದ ಶಿಕ್ಷೆಯಾಯಿತು. ಪರಿಹಾರವಾಗಿ ಊರಿಗೆ ಚಿಕಿತ್ಸಾಲಯ, ಮಕ್ಕಳಿಗೆ ವಿದ್ಯಾಭ್ಯಾಸ ಮೊದಲಾದುವನ್ನು ಒದಗಿಸಬೇಕೆಂದು ನ್ಯಾಯಾಲಯ ಆದೇಶಿಸಿತು. ಋಣದ ದಿನವೂ ನ್ಯಾಯದ ದಿನವೂ ಕ್ಷಮೆಯ ದಿನದಿಂದ ಬೇರೆಯಾಗಿರುವುದರ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ.

ಈ ಕಾರಣದಿಂದಲೇ, ‘ಪ್ರಾಚೀನ ಮಾಯಾ ಕ್ಷಮಾವಿಧಿ’ ಎಂಬ ಹೆಸರಿನಲ್ಲಿ ನಗರಗಳ ಶಿಬಿರಗಳಲ್ಲಿ ಹಣಕ್ಕೆ ಮಾರಾಟವಾಗುವ ಸರಕಿನ ವಿಷಯದಲ್ಲಿ ಎಚ್ಚರ ಅಗತ್ಯ. ಅಲ್ಲಿ ಬತ್ತಿಯಿದೆ, ಹೊಗೆಯಿದೆ. ಕಣ್ಣು ಮುಚ್ಚಿ ಎಲ್ಲರನ್ನೂ ಕ್ಷಮಿಸಿಬಿಡುವ ಸುಖವಿದೆ. ಇಲ್ಲದಿರುವುದು ನೊಂದವನೊಬ್ಬನೇ. ಮೋಸಹೋದ ತಮ್ಮನಿಗೆ ಒಂದು ಮಾತೂ ತಿಳಿಯದಂತೆ ಅಣ್ಣನು ಬೆಟ್ಟದ ವಿಹಾರಧಾಮದಲ್ಲಿ ತನ್ನ ಮನಸ್ಸನ್ನು ಹಗುರ ಮಾಡಿಕೊಂಡರೆ ಅದು ಕ್ಷಮೆಯೂ ಅಲ್ಲ, ಆರೋಗ್ಯವೂ ಅಲ್ಲ. ಹಾಗೆಯೇ, ಗಂಡನ ಹೊಡೆತ ತಿನ್ನುತ್ತಿರುವ ಹೆಂಗಸಿಗೆ ಕ್ಷಮಾಗುಣವನ್ನು ಉಪದೇಶಿಸುವುದು ಅಪರಾಧಕ್ಕೆ ಸಮ. ಅವಳಿಗೆ ಮೊದಲು ಬೇಕಾದದ್ದು ರಕ್ಷಣೆ.

ಮಹಾನಗರದ ಕನ್ನಡಿಗರಿಗೆ

ಮಾಯಾ ಜನರ ಬತ್ತಿ, ರಾಳಗಳನ್ನು ಕನ್ನಡಿಗರು ಎರವಲು ತರಬೇಕಾಗಿಲ್ಲ. ಕನ್ನಡಿಗರ ಮಾತಿನಲ್ಲೇ ಕ್ಷಮೆ ಎಂಬುದಕ್ಕೆ ಭೂಮಿ ಎಂಬ ಅರ್ಥವೂ ಉಂಟು. ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲು ಭೂತಾಯಿಯ ಕ್ಷಮೆ ಕೇಳುತ್ತಿದ್ದ ಅಜ್ಜಿಯರನ್ನು ಹಲವರು ಕಂಡಿದ್ದಾರೆ. ಕರ್ನಾಟಕದ ಜೈನರು ದಶಲಕ್ಷಣ ಪರ್ವ ಮುಗಿದ ಮೇಲೆ ಪರಸ್ಪರ ಕ್ಷಮೆ ಬೇಡುವ ಕ್ಷಮಾವಣಿಯನ್ನು ಆಚರಿಸುತ್ತಾರೆ. ಸಂಕ್ರಾಂತಿಯ ಎಳ್ಳುಬೆಲ್ಲವೂ ಒಳ್ಳೆಯ ಮಾತಿಗೆ ಕೊಟ್ಟ ಮುಹೂರ್ತವೇ. ಆದರೆ ಎಳ್ಳು ಹಂಚುವಾಗ ಮಾತು ಬಿಟ್ಟವರ ಮನೆಯೊಂದನ್ನು ದಾಟಿ ಮುಂದೆ ಹೋಗುವುದು ಎಲ್ಲರಿಗೂ ರೂಢಿಯಾಗಿಬಿಟ್ಟಿದೆ.

ವಲಸೆ ಬಂದವನ ಜಗಳಕ್ಕೆ ಒಂದು ವಿಶೇಷ ದೋಷವಿದೆ. ಊರಿನಲ್ಲಿದ್ದವರು ಜಗಳವಾಡಿದರೂ ಒಂದೇ ಬಾವಿಕಟ್ಟೆ, ಒಂದೇ ಜಾತ್ರೆ, ಒಂದೇ ಸಾವಿನ ಮನೆಯಲ್ಲಿ ಎದುರುಬದುರಾಗಲೇಬೇಕು. ಎದುರಾದಾಗ ಒಂದು ಮಾತು ಹೊರಟೇಬಿಡುತ್ತದೆ. ಮುಂಬಯಿ, ಪುಣೆ, ದಿಲ್ಲಿ, ಚೆನ್ನೈ, ಹೈದರಾಬಾದುಗಳಲ್ಲಿ ನೆಲೆಸಿದವನಿಗೆ ಆ ನಿರ್ಬಂಧವಿಲ್ಲ. ರಜೆ ಸಿಗಲಿಲ್ಲ, ರೈಲಿನ ಟಿಕೆಟು ಸಿಗಲಿಲ್ಲ ಎಂಬ ನೆವಗಳು ಹಗೆಗೆ ನೆರಳಾಗುತ್ತವೆ. ಒಂದೇ ನಗರದಲ್ಲಿದ್ದು, ಪದಾಧಿಕಾರದ ಚುನಾವಣೆಯಲ್ಲಿ ಮುನಿದು ಸಂಘದ ಕಡೆ ತಲೆಹಾಕದೆ ಕುಳಿತ ಹಿರಿಯರೂ ಇಲ್ಲದಿಲ್ಲ.

ಇಂಥವರಿಗೆ ಮಾಯಾ ಪಂಚಾಂಗ ಕೊಡುವ ಸಲಹೆ ಸರಳವಾದುದು: ಮನಸ್ಸು ಬರುವವರೆಗೆ ಕಾಯದೆ ದಿನವನ್ನು ಗೊತ್ತುಮಾಡಿಕೊಳ್ಳುವುದು. ಆ ದಿನ ತಪ್ಪನ್ನು ಹೆಸರಿಟ್ಟು ಹೇಳಬೇಕು. ‘ಏನಾದರೂ ತಪ್ಪಾಗಿದ್ದರೆ’ ಎಂಬ ಜಾರಿಕೆಯ ಮಾತು ಸಲ್ಲದು. ತೆಗೆದುಕೊಂಡದ್ದನ್ನು ಹಿಂದಿರುಗಿಸಬೇಕಾಗಿದ್ದರೆ ಹಿಂದಿರುಗಿಸಿಯೇ ಮಾತೆತ್ತಬೇಕು. ಎದುರಿನವರು ಕ್ಷಮಿಸಲಾರೆನೆಂದರೆ ಆ ಉತ್ತರವನ್ನೂ ತಲೆಬಾಗಿ ಕೇಳಿಬರಬೇಕು. ಕೇಳುವುದು ಒಬ್ಬನ ಧರ್ಮ, ಕೊಡುವುದು ಇನ್ನೊಬ್ಬನ ಸ್ವಾತಂತ್ರ್ಯ.

ಇಪ್ಪತ್ತು ದಿನಗಳಿಗೊಮ್ಮೆ ಇದು ಯಾರಿಗೂ ಸಾಧ್ಯವಾಗದಿರಬಹುದು. ವರ್ಷಕ್ಕೊಂದು ದಿನವಾದರೂ ಗೊತ್ತಾಗಲಿ. ಹೊಸ ವರ್ಷದ ಕ್ಯಾಲೆಂಡರಿನಲ್ಲಿ ಹಬ್ಬಗಳಿಗೂ ರಜೆಗಳಿಗೂ ಗುರುತು ಹಾಕುವಾಗ, ವೈದ್ಯರ ಭೇಟಿಯ ತಾರೀಖಿನ ಪಕ್ಕದಲ್ಲೇ, ನೋಯಿಸಿದವರ ಹೆಸರೊಂದನ್ನು ಬರೆದುಕೊಳ್ಳುವ ಧೈರ್ಯ ಕನ್ನಡಿಗರ ಮನೆಮನೆಗಳಲ್ಲಿ ಮೂಡಲಿ.